ಎಡಿಟ್ ಮಾಡಿದ್ದು ನಾನೇ, ಏನೀಗ?

ಫೋಟೊಗ್ರಫಿಗೂ ಈಗ ಮಡಿ ಬಂದಿದೆ. ಫಿಲ್ಮ್ ಅಂದ್ರೆ ಮಡಿ, ಎಡಿಟಿಂಗ್ ಅಂದ್ರೆ ಮೈಲಿಗೆ. ಭಾನುವಾರ ಬೆಳಗ್ಗೆ ಹಳೇ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಹೋಗೋದು, 36 ಫೋಟೊ ತೆಗೆಯೋದು, ರೋಲನ್ನು ಲ್ಯಾಬಿಗೆ ಕೊರಿಯರ್ ಮಾಡೋದು. ವಾರ ಬಿಟ್ಟು ಒಂದು ಡ್ರೈವ್ ಲಿಂಕ್ ಬರುತ್ತೆ. ಅದನ್ನ ಹಾಗೇ ಇನ್‌ಸ್ಟಾಗೆ ಹಾಕಿ ಕೆಳಗೆ ಬರೆಯೋದು: ‘ಶಾಟ್ ಆನ್ ಫಿಲ್ಮ್. ನೋ ಎಡಿಟ್.’

ಫಿಲ್ಮ್ ಬಗ್ಗೆ ನನಗೆ ತಕರಾರಿಲ್ಲ. ನನಗೂ ಅದೇ ಚಟ. ಬಾಡಿಗೆ ಮನೆಯ ಬಾತ್‌ರೂಮ್ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು, ವಾಷಿಂಗ್ ಮಷೀನ್ ಮೇಲೆ ಎನ್‌ಲಾರ್ಜರ್ ಇಟ್ಟುಕೊಂಡು ರಾತ್ರಿ ಪ್ರಿಂಟ್ ಮಾಡ್ತೀನಿ. ನನ್ನ ತಕರಾರೇನಿದ್ದರೂ ಆ ಕೊನೆಯ ಎರಡು ಪದಗಳ ಮೇಲೆ.

ನೆಗೆಟಿವ್‌ನಲ್ಲಿ ಎಲ್ಲಾ ಉಲ್ಟಾ. ಅಜ್ಜಿಯ ಬಿಳಿ ಕೂದಲು ಅಲ್ಲಿ ಕಪ್ಪು. ಕಲರ್ ಫಿಲ್ಮ್ ಆದ್ರೆ ಮೇಲೊಂದು ಕಿತ್ತಳೆ ಬಣ್ಣ ಬೇರೆ. ಅದು ನೋಡೋ ಹಾಗೆ ಆಗಬೇಕಾದ್ರೆ ಯಾರಾದ್ರೂ ತಿರುಗಿಸಬೇಕು. ತಿರುಗಿಸುವಾಗ ಕಪ್ಪು ಎಷ್ಟು ಕಪ್ಪು, ಬಿಳಿ ಎಷ್ಟು ಬಿಳಿ ಅಂತ ಯಾರಾದ್ರೂ ತೀರ್ಮಾನ ಮಾಡ್ಲೇಬೇಕು. ಲ್ಯಾಬಿನಲ್ಲಿ ಆ ತೀರ್ಮಾನವನ್ನು ಸ್ಕ್ಯಾನರ್‌ನ ಸಾಫ್ಟ್‌ವೇರ್ ಮಾಡುತ್ತೆ, ಇಲ್ಲಾ ಅದರ ಮುಂದೆ ಕೂತವರು ಮಾಡ್ತಾರೆ. ಹಾಗಾಗಿ ‘ನೋ ಎಡಿಟ್’ ಅಂದ್ರೆ ಇಷ್ಟೇ: ಎಡಿಟ್ ಮಾಡಿದ್ದು ಬೇರೆಯವರು, ಏನು ಮಾಡಿದ್ರು ಅಂತ ನಾನು ಕೇಳಲಿಲ್ಲ. ನಿಜವಾಗ್ಲೂ ನೋ ಎಡಿಟ್ ಬೇಕಾ? ನೆಗೆಟಿವನ್ನೇ ಪೋಸ್ಟ್ ಮಾಡಿ ಸ್ವಾಮಿ.

ಇನ್ನು ಡಾರ್ಕ್‌ರೂಮ್ ಅಂದ್ರೆ ಅಪ್ಪಟ ಸತ್ಯದ ಗರ್ಭಗುಡಿ ಅಂತ ನಂಬಿರೋರಿದ್ದಾರೆ. ಅಲ್ಲಿ ನಡೆಯೋದು ಏನು ಗೊತ್ತಾ? ಎನ್‌ಲಾರ್ಜರ್‌ನಲ್ಲಿ ಮೇಲೆ ಬಲ್ಬು, ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಲೆನ್ಸು, ತಳದಲ್ಲಿ ಪೇಪರ್. ಬೆಳಕು ಹೆಚ್ಚು ಬಿದ್ದಷ್ಟೂ ಪೇಪರ್ ಕಪ್ಪಾಗುತ್ತೆ. ಎಷ್ಟು ಬೀಳಿಸಬೇಕು ಅಂತ ಯಾವ ಯಂತ್ರವೂ ಹೇಳಲ್ಲ. ಒಂದು ಪಟ್ಟಿ ಪೇಪರ್ ತಗೊಂಡು, ರಟ್ಟು ಸರಿಸ್ತಾ ಸರಿಸ್ತಾ 5, 10, 15, 20 ಸೆಕೆಂಡ್ ಬೆಳಕು ಕೊಟ್ಟು, ಡೆವಲಪರ್‌ನಲ್ಲಿ ಅದ್ದಿ, ಯಾವುದು ಸರಿ ಅಂತ ನೀವೇ ನೋಡಬೇಕು. ಮುಖ ಕಪ್ಪಾಗ್ತಿದ್ರೆ ಕಡ್ಡಿಗೆ ಅಂಟಿಸಿದ ರಟ್ಟಿನ ಚೂರು ಅಡ್ಡ ಹಿಡೀಬೇಕು. ಆಕಾಶ ಬೆಳ್ಳಗಾಗ್ತಿದ್ರೆ ಕೈಯಲ್ಲಿ ಸಂದಿ ಮಾಡಿ ಅಲ್ಲಿಗೆ ಮಾತ್ರ ಇನ್ನಷ್ಟು ಬೆಳಕು ಬಿಡಬೇಕು. ಫೋಟೊಶಾಪಿನಲ್ಲಿ ‘ಡಾಜ್’, ‘ಬರ್ನ್’ ಅಂತ ಎರಡು ಟೂಲ್ ಇವೆಯಲ್ಲ, ಅವುಗಳ ಐಕಾನ್ ನೋಡಿ. ಒಂದು ಕಡ್ಡಿಗೆ ಅಂಟಿಸಿದ ರಟ್ಟು, ಇನ್ನೊಂದು ಮಡಚಿದ ಕೈ. ಎರಡೂ ಡಾರ್ಕ್‌ರೂಮಿನಿಂದಲೇ ಹೋಗಿದ್ದು.

ದೊಡ್ಡವರು ಹೀಗೆ ಮಾಡ್ತಿರಲಿಲ್ಲ ಅಂತೀರಾ? ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ತೆಗೆದ ‘ಮೂನ್‌ರೈಸ್, ಹೆರ್ನಾಂಡೆಜ್’ ನೋಡಿ. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡ ಕಾಣುತ್ತೆ. ದಶಕಗಳಾದ ಮೇಲಿನ ಪ್ರಿಂಟುಗಳಲ್ಲಿ ಅದೇ ಆಕಾಶ ಕಗ್ಗತ್ತಲು. ನೆಗೆಟಿವ್ ಒಂದೇ, ತೀರ್ಮಾನ ಮಾತ್ರ ಬದಲಾಯ್ತು. ಆಡಮ್ಸ್ ಮೊದಲು ಪಿಯಾನೊ ಕಲಿತವನು. ನೆಗೆಟಿವ್ ಅಂದ್ರೆ ಬರೆದಿಟ್ಟ ಸ್ವರ, ಪ್ರಿಂಟ್ ಅಂದ್ರೆ ಕಚೇರಿ ಅನ್ನೋ ಅರ್ಥದಲ್ಲಿ ಹೇಳ್ತಿದ್ದ. ನಮ್ಮ ಕಡೆ ಒಂದೇ ಕೀರ್ತನೆಯನ್ನು ಇಬ್ಬರು ಹಾಡಿದ್ರೆ ‘ಒರಿಜಿನಲ್ ಯಾವುದು’ ಅಂತ ಯಾರಾದ್ರೂ ಕೇಳ್ತಾರಾ?

ಹಾಗಂತ ಡಾರ್ಕ್‌ರೂಮಲ್ಲಿ ಸುಳ್ಳು ಹುಟ್ಟಲ್ಲ ಅಂತಲೂ ನಾನು ಹೇಳಲ್ಲ. ಯೂಜೀನ್ ಸ್ಮಿತ್ 1954ರಲ್ಲಿ ‘ಲೈಫ್’ ಪತ್ರಿಕೆಗೆ ಮಾಡಿದ ಆಲ್ಬರ್ಟ್ ಶ್ವೈಟ್ಜರ್ ಚಿತ್ರದಲ್ಲಿ, ಇನ್ನೊಂದು ನೆಗೆಟಿವ್‌ನಿಂದ ಒಂದು ಕೈಯನ್ನೂ ಗರಗಸದ ಹಿಡಿಯನ್ನೂ ತಂದು ಮೂಲೆಗೆ ಸೇರಿಸಿದ್ದ. ಸುದ್ದಿ ಚಿತ್ರದಲ್ಲಿ ಇದು ನನ್ನ ಪ್ರಕಾರ ತಪ್ಪೇ. ಆದ್ರೆ ಆ ತಪ್ಪಿಗೊಂದು ಹೆಸರಿದೆ, ಸ್ಮಿತ್ ಅಂತ. ‘ಆಟೊ’ ಮಾಡೋ ತಪ್ಪಿಗೆ ಯಾರ ಹೆಸರು ಹೇಳೋಣ?

ಇದು ಬರೀ ಹವ್ಯಾಸದವರ ಜಗಳ ಅಂದ್ಕೋಬೇಡಿ. ನಮ್ಮಮ್ಮನ ಬಣ್ಣ ಎಣ್ಣೆಗಪ್ಪು. ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯೋವಾಗ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮಲ್ಲಿ ಒಂದು ಫೋಟೊ ತೆಗೆದಿದ್ದೆ. ಲ್ಯಾಬಿನಿಂದ ಬಂದ ಸ್ಕ್ಯಾನಿನಲ್ಲಿ ಅಮ್ಮ ಎರಡು ಸುತ್ತು ಬೆಳ್ಳಗಾಗಿದ್ರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಅವರು ನಮ್ಮಮ್ಮನ್ನ ನೋಡಿಲ್ಲ, ಅಷ್ಟೇ. ಅದೇ ನೆಗೆಟಿವನ್ನು ನಾನು ಎನ್‌ಲಾರ್ಜರ್‌ಗೆ ಹಾಕಿದೆ. 11 ಸೆಕೆಂಡಿಗೆ ಬಂದಿದ್ದು ಲ್ಯಾಬಿನ ಅಮ್ಮ. 15 ಸೆಕೆಂಡಿಗೆ ಬಂದಿದ್ದು ನಮ್ಮಮ್ಮ. ಕೆನ್ನೆ ಮೇಲಿನ ಹೊಳಪು, ಕತ್ತಿನ ಸುಕ್ಕು ಎಲ್ಲಾ ಇತ್ತು. ಈ ನಾಲ್ಕು ಸೆಕೆಂಡಿನ ವಿಷಯಾನೇ ನಾನು ಹೇಳ್ತಿರೋದು. ಮದುವೆ ಆಲ್ಬಮ್ಮಿನಲ್ಲಿ ಮದುಮಗಳಿಗೆ ಸುಣ್ಣ ಬಳಿಯೋ ದೇಶ ನಮ್ಮದು. ಇಲ್ಲಿ ‘ನಾನು ಮುಟ್ಟಲಿಲ್ಲ’ ಅನ್ನೋದು ಪ್ರಾಮಾಣಿಕತೆ ಆಗಲ್ಲ. ಕೆಲವು ಸಲ ಮುಟ್ಟಿ ಸರಿ ಮಾಡೋದೇ ಪ್ರಾಮಾಣಿಕತೆ.

‘ಎಲ್ಲರೂ ಬಾತ್‌ರೂಮಲ್ಲಿ ಎನ್‌ಲಾರ್ಜರ್ ಇಟ್ಕೊಳಕ್ಕಾಗುತ್ತಾ?’ ಅಂತ ಕೇಳ್ತೀರಿ. ಆಗಲ್ಲ, ಗೊತ್ತು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿ ‘ಇಂದು’ ಪೇಪರಿನ ಕಾಲ ಮುಗೀತು, ನಾನೀಗ ಬಳಸೋ ಪೇಪರ್ ಆಮದು, ಬೆಲೆ ಕೇಳಿದ್ರೆ ಎದೆ ಝಲ್ಲೆನ್ನುತ್ತೆ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತೆ, ಸಿಂಕಿಗೆ ಸುರಿಯೋ ಹಾಗಿಲ್ಲ. ಜಾಗ ಬೇಕು, ನೀರು ಬೇಕು, ಮನೆಯವರ ಸಹನೆ ಬೇಕು. ಡಿಜಿಟಲ್ ಕೀಳು ಅಂತಲೂ ನನ್ನ ವಾದ ಅಲ್ಲ. ಲೈಟ್‌ರೂಮಿನಲ್ಲಿ ಅಮ್ಮನ ಬಣ್ಣವನ್ನು ಅಮ್ಮನಿಗೆ ವಾಪಸ್ ಕೊಟ್ಟವರು, ನನ್ನ ಲೆಕ್ಕದಲ್ಲಿ ಡಾರ್ಕ್‌ರೂಮಿನವರೇ.

ನಾನು ಕೇಳೋದು ಸಣ್ಣದು. ಆ 36ರಲ್ಲಿ ಒಂದೇ ಒಂದನ್ನು ಆರಿಸಿ. ಆ ದಿನ ಬೆಳಕು ಹೇಗಿತ್ತು, ಆ ಮುಖದ ಬಣ್ಣ ಏನು ಅಂತ ನೆನಪು ಮಾಡ್ಕೊಂಡು ಕೂತು ಸರಿ ಮಾಡಿ, ಒಂದು ಪ್ರಿಂಟ್ ಹಾಕಿಸಿ. ನನ್ನ ಪ್ರಿಂಟುಗಳ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದಿರ್ತೀನಿ: ಎಫ್ 8, 15 ಸೆಕೆಂಡ್, ಹಿಂದಿನ ಗೋಡೆಗೆ 6 ಹೆಚ್ಚು. ಯಾರಾದ್ರೂ ‘ಯಾಕೆ?’ ಅಂತ ಕೇಳಿದ್ರೆ ಉತ್ತರ ಹೇಳೋಕೆ ನಾನಿದ್ದೀನಿ. ನಿಮ್ಮ ‘ನೋ ಎಡಿಟ್’ ಫೋಟೊಗೆ ಉತ್ತರ ಹೇಳೋರು ಯಾರು?