ಸ್ಮಾರ್ಟ್ ಹೋಮ್ ಸ್ಪರ್ಧೆಯೂ ನಮ್ಮ ಬಾಲಿಕೆಯರೂ



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡುವದು ನಮ್ಮಲ್ಲಿ ನಡೆದುಬಂದ ವಾಡಿಕೆ. ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟಪಾಟಗಳು ಇವುಗಳನ್ನು ಕುರಿತು ವಾರ್ಷಿಕ ವರದಿಯಲ್ಲಿ ಹೇಳಿರುವದರಿಂದ ಅವುಗಳನ್ನು ಇಲ್ಲಿ ತಿರುಗಿ ಹೇಳುವದಿಲ್ಲ. ಕಳೆದ ಎರಡು ವರುಷಗಳಿಂದ ಪೋಷಕರ ಸಭೆಯಲ್ಲಿ ಚರ್ಚೆಗೆ, ಒಮ್ಮೊಮ್ಮೆ ಅಸಮಾಧಾನಕ್ಕೂ ಕಾರಣವಾಗಿರುವ ಒಂದು ವಿಷಯವನ್ನು ಕುರಿತು ನನ್ನ ಅಭಿಪ್ರಾಯವನ್ನು ತಿಳಿಸಬೇಕೆಂದಿರುವೆನು. ಸ್ಮಾರ್ಟ್ ಹೋಮ್ ಎಂದು ಕರೆಯಲ್ಪಡುವ ಮನೆಯ ಉಪಕರಣಗಳನ್ನು ತಾವೇ ರಚಿಸಿ ಒಪ್ಪಿಸುವ ಸ್ಪರ್ಧೆಗಳಿಗೆ ನಮ್ಮ ಬಾಲಿಕೆಯರನ್ನು ಕಳುಹಿಸಬೇಕೋ ಬೇಡವೋ ಎಂಬದೇ ಆ ವಿಷಯ. ಕಳುಹಿಸಬೇಕೆಂಬದು ನನ್ನ ದೃಢವಾದ ಅಭಿಪ್ರಾಯ. ಆದರೆ ಹೇಗೆ ಕಳುಹಿಸಬೇಕೆಂಬದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಆ ತಪ್ಪನ್ನೂ ಮುಚ್ಚಿಡದೆ ಹೇಳುವೆನು.

ಸ್ಮಾರ್ಟ್ ಹೋಮ್ ಎಂದರೇನೆಂದು ಕೇಳುವ ತಾಯಂದಿರಿಗೋಸ್ಕರ ಮೊದಲು ಎರಡು ಮಾತು. ಇಂಥ ಉಪಕರಣದಲ್ಲಿ ಮುಖ್ಯವಾಗಿ ಮೂರು ಅಂಗಗಳುಂಟು. ಬೆಳಕು, ಶಾಖ, ನೀರು, ಚಲನೆ ಇವುಗಳಲ್ಲೊಂದನ್ನು ಗುರುತಿಸುವ ಸೆನ್ಸರ್ ಒಂದು. ಅದು ತಿಳಿಸಿದ್ದನ್ನು ನೋಡಿ ಏನು ಮಾಡತಕ್ಕದ್ದೆಂದು ನಿರ್ಣಯಿಸುವ ಚಿಕ್ಕ ಕಂಪ್ಯೂಟರ್ ಹಲಗೆ ಮತ್ತೊಂದು. ಆ ನಿರ್ಣಯದಂತೆ ದೀಪವನ್ನು ಹಚ್ಚುವ, ಗಂಟೆಯನ್ನು ಬಾರಿಸುವ ಅಥವಾ ಫೋನಿಗೆ ಸುದ್ದಿ ಕಳುಹಿಸುವ ಅಂಗವು ಮೂರನೆಯದು. ಹಿಂದೆ ಇವು ಇಂಜಿನಿಯರುಗಳ ಕೈಯಲ್ಲಿ ಮಾತ್ರ ಇದ್ದವು. ೨೦೦೫ರಲ್ಲಿ ಇಟಲಿ ದೇಶದ ಇವ್ರೇಯಾ ಎಂಬ ಪಟ್ಟಣದ ವಿನ್ಯಾಸ ಶಾಲೆಯ ಉಪಾಧ್ಯಾಯರು, ಇಂಜಿನಿಯರಿಂಗ್ ಓದದ ತಮ್ಮ ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಆರ್ಡುಯಿನೋ ಎಂಬ ಹಲಗೆಯನ್ನು ರೂಪಿಸಿ, ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟರು. ಅದರ ಫಲವಾಗಿ ಇಂದು ನಮ್ಮ ಎಸ್. ಪಿ. ರೋಡಿನ ಅಂಗಡಿಗಳಲ್ಲಿ ಅಂಥ ಹಲಗೆಯು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಉಪಾಧ್ಯಾಯರು ವಿದ್ಯಾರ್ಥಿಗಳಿಗೋಸ್ಕರ ಮಾಡಿದ ವಸ್ತುವು ನಮ್ಮ ಶಾಲೆಯ ಮೇಜಿನ ಮೇಲೆ ಇರುವದರಲ್ಲಿ ಆಶ್ಚರ್ಯವೇನೂ ಇಲ್ಲ.

ಸ್ಪರ್ಧೆಗಳಿಗೂ ಕೊರತೆಯಿಲ್ಲ. ಭಾರತ ಸರಕಾರದ ನೀತಿ ಆಯೋಗವು ೨೦೧೬ರಲ್ಲಿ ಆರಂಭಿಸಿದ ಅಟಲ್ ಇನ್ನೊವೇಶನ್ ಮಿಷನ್ನಿನ ಮೂಲಕ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳು ಸ್ಥಾಪಿಸಲ್ಪಟ್ಟವು. ಆಯ್ಕೆಯಾದ ಶಾಲೆಗೆ ೨೦ ಲಕ್ಷ ರೂಪಾಯಿಗಳ ವರೆಗೆ ಸಹಾಯಧನವುಂಟು. ಆ ಮಿಷನ್ನಿನವರು ನಡಿಸುವ ಎ. ಟಿ. ಎಲ್. ಮ್ಯಾರಥಾನ್ ಎಂಬ ಸ್ಪರ್ಧೆಯಲ್ಲಿ ಮಕ್ಕಳು ಸುತ್ತಮುತ್ತಲಿನ ಒಂದು ಕಷ್ಟವನ್ನು ಆರಿಸಿಕೊಂಡು ಅದಕ್ಕೆ ತಕ್ಕ ಉಪಕರಣವನ್ನು ಮಾಡಿ ತೋರಿಸಬೇಕು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ, ಆಯ್ಕೆಯಾದ ಆಲೋಚನೆಯನ್ನು ಮಾದರಿಯಾಗಿ ಕಟ್ಟಲು ವಿದ್ಯಾರ್ಥಿಗೆ ೧೦,೦೦೦ ರೂಪಾಯಿ ದೊರೆಯುತ್ತದೆ. ೨೦೨೫ರ ಕೇಂದ್ರ ಬಜೆಟ್ಟಿನಲ್ಲಿ, ಐದು ವರುಷಗಳೊಳಗೆ ಸರಕಾರಿ ಶಾಲೆಗಳಲ್ಲಿ ಇನ್ನೂ ೫೦,೦೦೦ ಇಂಥ ಲ್ಯಾಬುಗಳನ್ನು ತೆರೆಯುವದಾಗಿ ಸಾರಲಾಯಿತು. ಇವಲ್ಲದೆ ನಮ್ಮ ಸುತ್ತಲಿನ ಕಾಲೇಜುಗಳೂ ಕಂಪನಿಗಳೂ ನಡಿಸುವ ಚಿಕ್ಕ ಸ್ಪರ್ಧೆಗಳು ಬೇರೆ ಉಂಟು.

ನಾವಿರುವ ಸ್ಥಳವನ್ನೂ ನೆನಸಿಕೊಳ್ಳಬೇಕು. ೧೮೮೨ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡಿರಲೆಂದು ಏರ್ಪಟ್ಟ ವೈಟ್‌ಫೀಲ್ಡ್ ಇಂದು ಕಂಪ್ಯೂಟರ್ ಕಂಪನಿಗಳ ಬೀಡಾಗಿದೆ. ೧೯೭೬ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆಯು, ಆರ್. ಕೆ. ಬಾಳಿಗಾ ಅವರ ಮುಂದಾಳುತನದಲ್ಲಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಟ್ಟಿತು. ನಮ್ಮ ಪೀಣ್ಯದಲ್ಲಂತೂ ಲೇತು, ಡ್ರಿಲ್ಲಿಂಗ್ ಯಂತ್ರಗಳ ಸದ್ದು ಕೇಳದ ಬೀದಿಯಿಲ್ಲ. ನಮ್ಮ ಬಾಲಿಕೆಯರಲ್ಲಿ ಅನೇಕರ ತಂದೆಗಳು ಟರ್ನರುಗಳು, ಫಿಟ್ಟರುಗಳು. ತಾಯಂದಿರಲ್ಲಿ ಬಹುಮಂದಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು. ಹೀಗೆ ಕೈಕೆಲಸದವರ ನಡುವೆಯೇ ಬೆಳೆದ ನಮ್ಮ ಹುಡುಗಿಯರನ್ನು, ಸ್ಕ್ರೂಡ್ರೈವರ್ ಹಿಡಿದವರು ಕೈಯೆತ್ತಿರಿ ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿದಾಗ ಐದು ಕೈಗಳು ಮಾತ್ರ ಎದ್ದವು. ತಂದೆಯ ವಿದ್ಯೆಯು ಮಗನಿಗೆ ಹೋಯಿತು, ಮಗಳಿಗೆ ಬರಲಿಲ್ಲ. ಇದೇ ನನ್ನನ್ನು ಮೊದಲು ಈ ಸ್ಪರ್ಧೆಗಳ ಕಡೆಗೆ ತಿರುಗಿಸಿತು.

ಈಗ ನನ್ನ ತಪ್ಪನ್ನು ಹೇಳುವೆನು. ಮೊದಲನೆಯ ವರುಷ ನಾವು ಒಂದು ಸ್ಪರ್ಧೆಗೆ ಹೆಸರು ಕೊಟ್ಟಾಗ, ಕಾಲವು ಸ್ವಲ್ಪವೇ ಇತ್ತು, ಕಲಿಸತಕ್ಕವರೂ ನಮ್ಮಲ್ಲಿರಲಿಲ್ಲ. ಶಾಲೆಗಳಿಗೆ ಮಾದರಿಗಳನ್ನು ಒದಗಿಸುವ ಒಂದು ಅಂಗಡಿಯವರು ಬಂದು, ಹಣ ಕೊಟ್ಟರೆ ಎಲ್ಲವನ್ನೂ ಸಿದ್ಧಮಾಡಿ ಕೊಡುವದಾಗಿಯೂ, ಅನೇಕ ಶಾಲೆಗಳವರು ಹೀಗೆಯೇ ಮಾಡುವರೆಂದೂ ಹೇಳಿದರು. ನಾನು ಒಪ್ಪಿದೆನು. ಅಂದವಾದ ಒಂದು ಬಂಗಲೆಯ ಮಾದರಿಯು ಬಂದಿತು. ಕೈ ತಟ್ಟಿದರೆ ದೀಪ ಹತ್ತುವದು, ಕಾರು ಬಂದರೆ ಗೇಟು ತೆರೆಯುವದು. ಅತ್ಯುತ್ತಮ ಅಂಕಗಳನ್ನು ಪಡೆದ ಮೂವರು ಬಾಲಿಕೆಯರನ್ನು ಆರಿಸಿ, ಹೇಳಬೇಕಾದ ಮಾತುಗಳನ್ನು ಅವರಿಗೆ ಬಾಯಿಪಾಠ ಮಾಡಿಸಿದೆವು. ಅವರು ತಪ್ಪಿಲ್ಲದೆ ಒಪ್ಪಿಸಿದರು. ಮೂರನೆಯ ಬಹುಮಾನವಾಗಿ ಒಂದು ಬೆಳ್ಳಿಬಣ್ಣದ ಕಪ್ಪು ದೊರೆಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಮೂವರಲ್ಲೊಬ್ಬಳು ನನ್ನ ಪಕ್ಕದಲ್ಲಿ ಕುಳಿತು, “ಮಿಸ್, ಈ ಕಪ್ಪು ನಮ್ಮದೋ, ಅಂಗಡಿಯವರದೋ?” ಎಂದು ಮೆಲ್ಲಗೆ ಕೇಳಿದಳು. ನಾನು ಉತ್ತರ ಕೊಡದೆ ಕಿಟಕಿಯ ಹೊರಗೆ ನೋಡಿದೆನು. ಮರುದಿನವೇ ಅದನ್ನು ಹಿಂದಕ್ಕೆ ಕಳುಹಿಸಿದೆನೆಂದು ಹೇಳಿಕೊಳ್ಳುವಂತಿಲ್ಲ. ಎರಡು ತಿಂಗಳ ಕಾಲ ಅದು ನನ್ನ ಕೋಣೆಯಲ್ಲಿಯೇ ಇತ್ತು, ಬಂದವರು ಹೊಗಳಿದರು, ನಾನು ಆ ಹೊಗಳಿಕೆಯನ್ನು ಸ್ವೀಕರಿಸಿದೆನು. ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಕ್ಕದವಳ ಉತ್ತರವನ್ನು ನೋಡಿ ಬರೆದ ಒಬ್ಬ ಹುಡುಗಿಯನ್ನು ಗದರಿಸಬೇಕಾಗಿ ಬಂದಾಗ, ಅವಳ ಹಿಂದೆ ಆ ಕಪ್ಪು ನನಗೆ ಕಾಣಿಸಿತು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ವಾರವೇ ನಡೆದದ್ದನ್ನು ಬರೆದು, ಕಪ್ಪನ್ನು ಸ್ಪರ್ಧೆಯವರಿಗೆ ಹಿಂದಿರುಗಿಸಿದೆನು. ಶಾಲೆಗೆ ಬಂದ ಬಹುಮಾನವನ್ನು ಕಳೆದೆನೆಂದು ಕೆಲವು ಪೋಷಕರು ಬೇಸರಪಟ್ಟರು. ಅವರಿಗೆ ನಾನು ವಿನಯದಿಂದ ಹೇಳುವದೇನಂದರೆ, ತಾನು ಮಾಡದ್ದನ್ನು ತಾನೇ ಮಾಡಿದೆನೆಂದು ಹತ್ತು ಜನರ ಮುಂದೆ ಹೇಳಲು ನಾವು ಮಗುವಿಗೆ ಕಲಿಸಿದರೆ, ಶಾಲೆಯಲ್ಲಿ ಬೇರೆ ಏನನ್ನು ಕಲಿಸಿಯೂ ಪ್ರಯೋಜನವಿಲ್ಲ.

ಎರಡನೆಯ ವರುಷ ನಾವು ಬೇರೆ ರೀತಿಯಿಂದ ಆರಂಭಿಸಿದೆವು. ಅಂಕಗಳನ್ನು ನೋಡಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಕೆಲಸದಿಂದ ಹೆಚ್ಚು ಆಯಾಸವೆಂಬದನ್ನು ಒಂದು ವಾರ ನೋಡಿ ಬರೆದುಕೊಂಡು ಬನ್ನಿರೆಂದು ಹೇಳಿದೆವು. ಕೈ ತಟ್ಟಿ ಹಚ್ಚುವ ದೀಪ ಬೇಕೆಂದು ಒಬ್ಬಳೂ ಬರೆಯಲಿಲ್ಲ. ಕುಕ್ಕರಿನ ಕೂಗನ್ನು ಎಣಿಸಲಾರದ ಕಿವುಡಿಯಾದ ಅಜ್ಜಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಓಡಿಬರುವ ತಾಯಿ, ಇಂಥವೇ ಬಂದವು. ಹೆಚ್ಚಾಗಿ ಬಂದದ್ದು ನೀರು. ೨೦೨೪ರ ಬೇಸಗೆಯಲ್ಲಿ ಬೆಂಗಳೂರು ಪಟ್ಟ ಪಾಡು ನಿಮಗೆ ತಿಳಿದೇ ಇದೆ. ಆ ವರುಷದ ಅಕ್ಟೋಬರಿನಲ್ಲಿ ನಗರದ ಅಂಚಿನ ೧೧೦ ಹಳ್ಳಿಗಳಿಗೋಸ್ಕರ, ದಿನಕ್ಕೆ ೭೭.೫ ಕೋಟಿ ಲೀಟರ್ ನೀರನ್ನು ತರುವ ಕಾವೇರಿ ಐದನೆಯ ಹಂತವು ಆರಂಭವಾಯಿತು. ಆದರೂ ನಮ್ಮ ಹುಡುಗಿಯರಲ್ಲೊಬ್ಬಳ ವಠಾರದಲ್ಲಿ ನಲ್ಲಿಯ ನೀರು ದಿನ ಬಿಟ್ಟು ದಿನ, ರಾತ್ರಿ ಹನ್ನೊಂದಕ್ಕೋ ಮೂರಕ್ಕೋ ಬರುತ್ತಿತ್ತು. ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದ ತಾಯಿಯು ಡ್ರಮ್ಮು ತುಂಬಿಸುವದಕ್ಕಾಗಿ ಎಚ್ಚರವಾಗಿರುವಳು. ನಿದ್ದೆ ಬಂದರೆ ನೀರು ಹೋಗುವದು. “ಅಮ್ಮ ಮಲಗಬೇಕು” ಎಂದಷ್ಟೇ ಅವಳು ತನ್ನ ಕಾಗದದಲ್ಲಿ ಬರೆದಿದ್ದಳು.

ಅದನ್ನೇ ಆರಿಸಿಕೊಂಡೆವು. ನಲ್ಲಿಯ ಬಾಯಿಯಲ್ಲಿ ಎರಡು ತಂತಿಗಳನ್ನಿಟ್ಟರೆ, ನೀರು ಅವೆರಡನ್ನೂ ಮುಟ್ಟಿದ ಕೂಡಲೆ ಅತ್ಯಲ್ಪ ವಿದ್ಯುತ್ತು ಹರಿಯುವದು. ಅದನ್ನು ಹಲಗೆಯು ಗುರುತಿಸಿ ಮನೆಯೊಳಗಿನ ಬಜರನ್ನು ಕೂಗಿಸುವದು. ಹೇಳುವದಕ್ಕೆ ಇಷ್ಟೇ. ಆದರೆ ಮೊದಲ ರಾತ್ರಿ ನಲ್ಲಿಯಲ್ಲಿ ಉಳಿದಿದ್ದ ಒಂದು ಹನಿಯೇ ಮೂರು ಸಲ ಎಲ್ಲರನ್ನೂ ಎಬ್ಬಿಸಿತು. ಹನಿಯು ಜಾರಿಹೋಗುತ್ತದೆ, ಬಂದ ನೀರು ನಿಲ್ಲುವದಿಲ್ಲ ಎಂಬದನ್ನು ಯೋಚಿಸಿ, ಹತ್ತು ಸೆಕೆಂಡು ಬಿಡದೆ ನೀರು ಮುಟ್ಟಿದರೆ ಮಾತ್ರ ಕೂಗಬೇಕೆಂದು ಹುಡುಗಿಯರು ಪ್ರೋಗ್ರಾಮನ್ನು ತಿದ್ದಿದರು. ಎರಡು ವಾರಗಳಲ್ಲಿ ತಾಮ್ರದ ತಂತಿಯು ಹಸುರುಗಟ್ಟಿ ಕೆಟ್ಟಿತು. ಒಂದೇ ದಿಕ್ಕಿನ ವಿದ್ಯುತ್ತು ನೀರಿನ ಮೂಲಕ ಹರಿಯುತ್ತಿದ್ದರೆ ಲೋಹವು ಸವೆಯುವದೆಂಬ ಪಾಠವನ್ನು ಅವರು ರಸಾಯನ ಶಾಸ್ತ್ರದಲ್ಲಿ ಓದಿ ಅಂಕಗಳನ್ನೂ ಪಡೆದಿದ್ದರು. ಈಗ ಅದನ್ನು ಕಣ್ಣಾರೆ ಕಂಡರು. ತಾಮ್ರದ ಬದಲಿಗೆ ಸ್ಟೀಲಿನ ಕಡ್ಡಿಗಳನ್ನು ಹಾಕಿ, ವಿದ್ಯುತ್ತನ್ನು ಎಡೆಬಿಡದೆ ಹರಿಸದೆ, ಕೆಲವು ಸೆಕೆಂಡುಗಳಿಗೊಮ್ಮೆ ಕ್ಷಣಮಾತ್ರ ಹರಿಸಿ ನೋಡುವಂತೆ ಮಾಡಿದರು. ಕಡ್ಡಿಗಳನ್ನು ಹಿಡಿದಿಡುವ ಬಿರಟೆಯನ್ನು ಒಬ್ಬಳ ತಂದೆಯು ತಮ್ಮ ವರ್ಕ್‌ಶಾಪಿನಲ್ಲಿ ಕೊರೆದುಕೊಡಲು ಮುಂದೆ ಬಂದರು. “ಅಪ್ಪಾ, ನೀವು ಹೇಳಿಕೊಡಿ, ನಾನೇ ಕೊರೆಯುತ್ತೇನೆ” ಎಂದು ಮಗಳು ಹೇಳಿದಳಂತೆ. ಅವರು ಇದನ್ನು ನನಗೆ ತಿಳಿಸುವಾಗ ಅವರ ಸ್ವರವು ಗದ್ಗದವಾಗಿತ್ತು.

ಆ ಸ್ಪರ್ಧೆಯಲ್ಲಿ ನಮಗೆ ಯಾವ ಬಹುಮಾನವೂ ದೊರೆಯಲಿಲ್ಲ. ನೋಡುವದಕ್ಕೆ ಅದು ಪ್ಲಾಸ್ಟಿಕ್ ಡಬ್ಬಿಯೊಳಗಿನ ತಂತಿಗಳ ಗಂಟಾಗಿತ್ತು. ಆದರೆ ಪರೀಕ್ಷಕರು ಇದನ್ನು ತೆಗೆದರೆ ಏನಾಗುವದು, ಅದನ್ನೇಕೆ ಹೀಗಿಟ್ಟಿರಿ ಎಂದು ಕಾಲು ಗಂಟೆಯ ವರೆಗೆ ಪ್ರಶ್ನೆ ಹಾಕಿದರೂ ಮೂವರಲ್ಲಿ ಒಬ್ಬಳೂ ನನ್ನ ಮುಖವನ್ನು ನೋಡಲಿಲ್ಲ. ಡಬ್ಬಿಯು ಈಗಲೂ ಆ ವಠಾರದಲ್ಲಿ ಕೆಲಸ ಮಾಡುತ್ತಿದೆ. ಪಕ್ಕದ ನಾಲ್ಕು ಮನೆಯವರೂ ಅದರ ಕೂಗಿಗೆ ಏಳುತ್ತಾರೆ. ಗೇಟೂ ಕಾರೂ ಇರುವ ಬಂಗಲೆಗೆ ಮಾತ್ರವಲ್ಲ, ಒಂದೇ ಕೋಣೆಯ ಮನೆಗೂ ಈ ವಿದ್ಯೆಯು ಸಲ್ಲುವದೆಂದು ನಾನು ಆ ಮಕ್ಕಳಿಂದ ಕಲಿತೆನು.

ಪೋಷಕರ ಆಕ್ಷೇಪಣೆಗಳನ್ನು ನಾನು ಹಗುರವಾಗಿ ಎಣಿಸುವದಿಲ್ಲ. ಓದಿಗೆ ತೊಂದರೆಯಾಗುವದೆಂಬ ಭಯಕ್ಕಾಗಿ, ವಾರಕ್ಕೆ ಎರಡೇ ದಿನ, ಐದೂವರೆ ಗಂಟೆಯ ವರೆಗೆ ಎಂದು ಗೊತ್ತುಮಾಡಿದ್ದೇವೆ. ಹತ್ತನೆಯ ತರಗತಿಯವರಿಗೆ ಡಿಸೆಂಬರಿನ ಮೇಲೆ ಇದು ಇಲ್ಲ. ಕತ್ತಲಾಗುವದೆಂಬ ಭಯಕ್ಕಾಗಿ, ಒಬ್ಬ ಉಪಾಧ್ಯಾಯಿನಿಯು ಬಸ್ ಸ್ಟಾಪಿನ ವರೆಗೆ ಜೊತೆಯಲ್ಲಿ ಹೋಗುವರು. ವಿದ್ಯುತ್ತಿನ ಅಪಾಯವೇ ಎಲ್ಲಕ್ಕಿಂತ ದೊಡ್ಡದು. ಮನೆಯ ಗೋಡೆಯಲ್ಲಿರುವದು ೨೩೦ ವೋಲ್ಟ್, ಅದು ಪ್ರಾಣಾಂತಿಕವಾದದ್ದು. ಆದಕಾರಣ ನಮ್ಮಲ್ಲಿ ಹುಡುಗಿಯರು ಮಾಡುವ ಉಪಕರಣಗಳೆಲ್ಲವೂ ಬ್ಯಾಟರಿಯ ೫ ಅಥವಾ ೯ ವೋಲ್ಟಿನಲ್ಲಿ ಮಾತ್ರ ನಡೆಯತಕ್ಕವು. ಪಂಪು, ಗೀಸರ್ ಮುಂತಾದವುಗಳಿಗೆ ಜೋಡಿಸುವ ಯಾವ ಮಾದರಿಯನ್ನೂ ನಾನು ಒಪ್ಪುವದಿಲ್ಲ. ಸೋಲ್ಡರಿಂಗ್ ಐರನ್ನಿನಿಂದ ಒಂದೆರಡು ಬೆರಳು ಸುಟ್ಟಿವೆ ನಿಜ. ಒಲೆಯ ಮುಂದೆಯೂ ಸುಡುತ್ತವೆ, ಅದಕ್ಕಾಗಿ ಯಾವ ತಾಯಿಯೂ ಮಗಳನ್ನು ಅಡಿಗೆಮನೆಯಿಂದ ಹೊರಗಿಡಲಿಲ್ಲ.

ಇದು ಹೆಂಗಸರ ಕೆಲಸವಲ್ಲ ಎನ್ನುವವರಿಗೆ ಎರಡು ಹೆಸರುಗಳು ಸಾಕು. ಹದಿನೆಂಟನೆಯ ವಯಸ್ಸಿನಲ್ಲಿ ವಿಧವೆಯಾಗಿ, ಕೈಗೂಸಿನ ತಾಯಿಯಾಗಿದ್ದ ಎ. ಲಲಿತಾ ಅವರು ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಓದಿ ೧೯೪೩ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಾದರು. ನಮ್ಮ ಕರ್ನಾಟಕದವರೇ ಆದ ರಾಜೇಶ್ವರಿ ಚಟರ್ಜಿಯವರು ೧೯೪೭ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ೧೯೫೩ರಲ್ಲಿ ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ವಿದ್ಯೆಯನ್ನು ಬೆಳೆಸಿದರು. ಶಿವನಸಮುದ್ರದ ವಿದ್ಯುತ್ತು ೧೯೦೫ರಲ್ಲಿಯೇ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಷ್ಟು ಕಾಲ ಕಳೆದ ಮೇಲೂ ನಮ್ಮ ಮನೆಗಳಲ್ಲಿ ಫ್ಯೂಸ್ ಹೋದರೆ ಹೆಂಗಸರು ಗಂಡಸರು ಬರುವ ವರೆಗೆ ಕತ್ತಲೆಯಲ್ಲಿ ಕುಳಿತಿರುವದು ನ್ಯಾಯವೋ? ನಮ್ಮ ಶಾಲೆಯ ಹಿಂದಿನ ಕಾಲದಲ್ಲಿ ಹೊಲಿಗೆಯ ಪಾಠವು ಓದಿನಷ್ಟೇ ಮುಖ್ಯವೆಂದು ಎಣಿಸಲ್ಪಟ್ಟಿತ್ತು. ಈಗ ಸೂಜಿಯ ಪಕ್ಕದಲ್ಲಿ ಸೋಲ್ಡರಿಂಗ್ ಐರನ್ನೂ ಇರಲಿ ಎಂಬಷ್ಟೇ ನನ್ನ ಬೇಡಿಕೆ.

ಕೊನೆಯಲ್ಲಿ ಎರಡು ವಿಜ್ಞಾಪನೆಗಳು. ಪೋಷಕರೇ, ನಿಮ್ಮ ಮಗಳಿಗೆ ಬಹುಮಾನ ಬಂದಿತೋ ಎಂದು ಮೊದಲು ಕೇಳಬೇಡಿರಿ. ಅದು ಹೇಗೆ ನಡೆಯುತ್ತದೆಂದು ನನಗೆ ತಿಳಿಸು ಎಂದು ಕೇಳಿರಿ. ಅಂಗಡಿಯಿಂದ ಸಿದ್ಧವಾದದ್ದನ್ನು ತಂದುಕೊಡಬೇಡಿರಿ. ನೀವು ಫಿಟ್ಟರಾಗಿದ್ದರೆ, ನಿಮ್ಮ ಉಪಕರಣಗಳ ಪೆಟ್ಟಿಗೆಯನ್ನು ಮಗಳ ಮುಂದೆಯೂ ತೆರೆಯಿರಿ. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಷ್ಟೋ ಮಂದಿ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇಂಜಿನಿಯರುಗಳಾಗಿದ್ದೀರಿ. ನಮಗೆ ನಿಮ್ಮ ಹಣಕ್ಕಿಂತ ತಿಂಗಳಿಗೊಂದು ಶನಿವಾರವು ಹೆಚ್ಚು ಬೇಕಾಗಿದೆ. ಬಂದು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಆದರೆ ಅವರ ಕೈಯಿಂದ ಕೆಲಸವನ್ನು ತೆಗೆದುಕೊಳ್ಳಬೇಡಿರಿ.

ಈ ವರುಷವೂ ನಾವು ಸ್ಪರ್ಧೆಗೆ ಹೆಸರು ಕೊಡಲಿದ್ದೇವೆ. ಅಡಿಗೆಮನೆಯಿಂದ ಗ್ಯಾಸ್ ಸೋರಿದರೆ, ಕಿವಿ ಕೇಳಿಸದ ಅಜ್ಜಿಗೆ ಕೆಂಪು ದೀಪದಿಂದ ತಿಳಿಸುವ ಉಪಕರಣವೊಂದನ್ನು ಎಂಟನೆಯ ತರಗತಿಯ ಬಾಲಿಕೆಯರು ಯೋಚಿಸುತ್ತಿದ್ದಾರೆ. ಅದು ಗೆಲ್ಲುವದೋ ಇಲ್ಲವೋ ನಾನು ಹೇಳಲಾರೆನು. ಕಪ್ಪೊಂದು ಬಂದರೆ, ಅದು ಯಾರದೆಂದು ಈ ಸಲ ಯಾರೂ ಕೇಳಬೇಕಾಗುವದಿಲ್ಲವೆಂದು ಮಾತ್ರ ನಿಮಗೆ ಮಾತು ಕೊಡುತ್ತೇನೆ.