ಹನ್ನೆರಡರ ಹುಡುಗನಿಗೆ ಮೂರರ ಲೆಕ್ಕ ಬೇಡ

ವಾರಕ್ಕೆ 40 ಗಂಟೆ. ಆಟಿಸಂ ಇರುವ ಮಗುವಿಗೆ ವರ್ತನಾ ಚಿಕಿತ್ಸೆ ಕೊಡಿಸೋಣ ಎಂದು ದೊಡ್ಡ ಊರಿಗೆ ಹೋದವರ ಕಿವಿಗೆ ಮೊದಲು ಬೀಳುವ ಸಂಖ್ಯೆ ಇದು. ಎರಡನೆಯದು ಫೀಸು. ಆಮೇಲೆ ಒಂದು ಪ್ರಶ್ನೆ: ‘ಇಷ್ಟು ತಡ ಯಾಕೆ ಮಾಡಿದಿರಿ?’

ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ತಂಗಿಯ ಮನೆ ಅದೇ ಓಣಿಯಲ್ಲಿದೆ, ಅವಳ ಮಗನಿಗೆ ಈಗ ಹನ್ನೆರಡು. ಇಲ್ಲಿ ಅವನನ್ನು ಅಳಿಯ ಎಂದಷ್ಟೇ ಕರೆಯುತ್ತೇನೆ. ಪೇಪರಿನಲ್ಲಿ ಹೆಸರು ಹಾಕಲೇ ಎಂದು ಅವನನ್ನು ಕೇಳಿ ಉತ್ತರ ಪಡೆಯುವ ದಾರಿ ನಮಗಿನ್ನೂ ಸಿಕ್ಕಿಲ್ಲ. ತಡ ಯಾಕಾಯಿತು ಎಂಬುದಕ್ಕೆ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಕ್ಕೀತು. ‘ಗಂಡುಹುಡುಗ್ರಿಗೆ ಮಾತು ತಡ ಬರ್ತಾವ ಬಿಡವ್ವ, ನಮ್ಮ ದೊಡ್ಡಪ್ಪಗ ಐದಕ್ಕ ಬಂದ್ವು’ ಅನ್ನುವ ಸಮಾಧಾನದಲ್ಲಿ ಮೊದಲ ವರ್ಷಗಳು ಹೋದವು. ಮನೆಯಲ್ಲಿ ಕನ್ನಡ, ವೇದಾವತಿ ಹಗರಿಯಾಚೆ ಆದೋನಿ ಕಡೆಯ ಬೀಗರದ್ದು ತೆಲುಗು. ಎರಡು ಮಾತು ಕಿವಿಗೆ ಬಿದ್ದು ಹುಡುಗ ಗಲಿಬಿಲಿಯಾಗಿದ್ದಾನೆ ಎಂದರು ಕೆಲವರು. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ. ಹಾಗೆ ಬರುವುದಿದ್ದರೆ ಈ ಗಡಿಯಲ್ಲಿ ಮಾತು ಬರುವ ಒಬ್ಬನೂ ಉಳಿಯುತ್ತಿರಲಿಲ್ಲ. ಕಿವಿ ತೋರಿಸಿದ್ದಾಯಿತು, ಹರಕೆ ತೀರಿಸಿದ್ದಾಯಿತು. ಆಟಿಸಂ ಎಂಬ ಪದ ಕಾಗದದ ಮೇಲೆ ಬರುವ ಹೊತ್ತಿಗೆ ಅವನು ತಾಯಿಯ ಭುಜದೆತ್ತರಕ್ಕೆ ಬೆಳೆದಿದ್ದ.

ಆಟಿಸಂ ಅಳೆಯುವುದಕ್ಕೆ ನಮ್ಮ ದೇಶದ್ದೇ ಒಂದು ಮಾಪನವಿದೆ, ಐಎಸ್‌ಎಎ ಅನ್ನುತ್ತಾರೆ. 40 ಅಂಶ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. 70 ಮುಟ್ಟಿದರೆ ಆಟಿಸಂ, 107ರಿಂದ 153ರ ನಡುವೆ ಬಿದ್ದರೆ ಮಧ್ಯಮ, ಅದರಾಚೆ ತೀವ್ರ. ಅಳಿಯ ಮಧ್ಯಮದವನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯಲ್ಲಿ ಆಟಿಸಂ ಕೂಡ ಒಂದು ಎಂಬುದು ಸರ್ಟಿಫಿಕೇಟು ಕೈಗೆ ಬಂದ ಮೇಲೆ ನಮಗೆ ತಿಳಿಯಿತು.

ಮೊದಲು ಹೇಳಿದ 40 ಗಂಟೆಯ ಮೂಲ ಹುಡುಕಿಕೊಂಡು ಹೋದರೆ 1987ಕ್ಕೆ ಮುಟ್ಟುತ್ತೇವೆ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಐವಾರ್ ಲೊವಾಸ್ 19 ಮಕ್ಕಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ವಾರಕ್ಕೆ 40 ಗಂಟೆ ಪಾಠ ಮಾಡಿಸಿದರು, ಮಗುವಿಗೊಬ್ಬರು ಕೂತು ಕಲಿಸುವ ಪಾಠ. ಅವರಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೇ ತರಗತಿಯನ್ನು ಎಲ್ಲರಂತೆ ದಾಟಿದರು. ಇಂದಿಗೂ ಥೆರಪಿ ಸೆಂಟರ್‌ಗಳ ಗೋಡೆಯ ಮೇಲೆ ಮಿನುಗುವ ‘ಅರ್ಧದಷ್ಟು ಮಕ್ಕಳು’ ಎಂಬ ಮಾತಿನ ಬೇರು ಇಲ್ಲಿದೆ. ಗೋಡೆಯ ಮೇಲೆ ಬರೆಯದ ಸಂಗತಿಗಳೂ ಇವೆ. ಆ ಮಕ್ಕಳೆಲ್ಲ ಶುರುಮಾಡಿದಾಗ ನಾಲ್ಕು ವರ್ಷದೊಳಗಿನವರು. ಯಾವ ಮಗುವಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿ ಆದ ತೀರ್ಮಾನವಲ್ಲ. ಗದರಿಸುವುದು, ತೊಡೆಗೆ ಏಟು ಹಾಕುವುದೂ ಆ ಪಾಠದಲ್ಲಿ ಸೇರಿತ್ತು. ಈಗ ಹೆಚ್ಚಿನವರು ಅದನ್ನು ಸಮರ್ಥಿಸುವುದಿಲ್ಲ, ಸರಿ. ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಸ್ವಲ್ಪ ದೊಡ್ಡ ಮಕ್ಕಳ ಅಧ್ಯಯನ ಇಲ್ಲವೇ ಎಂದರೆ ಇದೆ. ನಾರ್ವೆಯಲ್ಲಿ ಐಕೆಸೆತ್ ಮತ್ತು ಜೊತೆಯವರು 2002ರಲ್ಲಿ ಪ್ರಕಟಿಸಿದ್ದು. ನಾಲ್ಕರಿಂದ ಏಳು ವರ್ಷದ ಮಕ್ಕಳು, ಪಾಠ ನಡೆದದ್ದು ಅವರವರ ಶಾಲೆಯಲ್ಲೇ. ವರ್ತನಾ ಚಿಕಿತ್ಸೆ ಪಡೆದ 13 ಮಕ್ಕಳ ಐಕ್ಯೂ ಒಂದು ವರ್ಷದಲ್ಲಿ ಸರಾಸರಿ 17 ಅಂಕ ಏರಿತು, ಅಷ್ಟೇ ಹೊತ್ತು ಬೇರೆ ಬೇರೆ ವಿಧಾನ ಬೆರೆಸಿ ಕಲಿಸಿದ 12 ಮಕ್ಕಳದು 4. ನಾಲ್ಕು ದಾಟಿದರೆ ಬಾಗಿಲು ಮುಚ್ಚಿತು ಎನ್ನುವವರಿಗೆ ಇಷ್ಟು ಉತ್ತರ ಸಾಕು. ಆದರೆ ಅವರೂ ಏಳರ ಒಳಗಿನವರೇ. ಹನ್ನೆರಡರ ಹುಡುಗನ ಅಪ್ಪನ ಮುಂದೆ ಈ ಅಂಕಗಳನ್ನು ಇಟ್ಟು ವರ್ಷದ ಫೀಸು ಮುಂಗಡ ಕೇಳುವವರನ್ನು ನಾನು ನಂಬಲಾರೆ.

ಹಾಗಂತ ಕೈಚೆಲ್ಲಬೇಕೆ? ಕಾಲುವೆಗೆ ನೀರು ತಡವಾಗಿ ಬಿಟ್ಟ ವರ್ಷ ನನ್ನ ಅಂಗಡಿಗೆ ಬರುವ ರೈತ ಗದ್ದೆಯನ್ನು ಬೀಳು ಬಿಡುತ್ತೇನೆ ಅನ್ನುವುದಿಲ್ಲ, ‘ಸೋನಾ ಮಸೂರಿ ಬ್ಯಾಡಣ್ಣ, ಆರ್‌ಎನ್‌ಆರ್ ಕೊಡು’ ಅನ್ನುತ್ತಾನೆ. ಉಳಿದ ದಿನಕ್ಕೆ ತಕ್ಕ ತಳಿ. ದೊಡ್ಡ ಮಗುವಿನ ಚಿಕಿತ್ಸೆಯಲ್ಲೂ ಬದಲಾಗಬೇಕಾದದ್ದು ಏನು ಕಲಿಸುತ್ತೇವೆ ಎಂಬುದು. ಬಣ್ಣದ ಗುಂಡುಗಳನ್ನು ಬೇರೆ ಮಾಡು, ಮೂಗು ತೋರಿಸು, ನನ್ನ ಕಣ್ಣು ನೋಡು ಎಂದು ಹನ್ನೆರಡರ ಹುಡುಗನನ್ನು ಕುರ್ಚಿಗೆ ಕೂರಿಸುವುದು ನನ್ನ ಮಟ್ಟಿಗೆ ಅವನ ವಯಸ್ಸಿಗೆ ಮಾಡುವ ಅವಮಾನ. ಅವನಿಗೆ ಬೇಕಾದದ್ದು ಸ್ನಾನ, ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವುದು, ‘ನಿಲ್ಲು’ ಎಂದರೆ ಕಾಲುವೆ ದಂಡೆಯ ಮೇಲೆ ನಿಲ್ಲುವುದು, ಹೊಟ್ಟೆ ನೋಯುತ್ತಿದೆ ಎಂದು ತೋರಿಸುವುದು. ಎಲ್ಲಕ್ಕಿಂತ ಮೊದಲು, ಬೇಡ ಎಂದು ತಿಳಿಸುವುದು.

ಈ ‘ಬೇಡ’ದ ವಿಷಯದಲ್ಲಿ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಹಿಟ್ಟಿನ ಗಿರಣಿಯ ಸದ್ದು ಶುರುವಾದರೆ ಅಳಿಯ ತನ್ನ ಕೈ ಕಚ್ಚಿಕೊಳ್ಳುತ್ತಿದ್ದ, ಹತ್ತಿರ ಹೋದವರಿಗೆ ಹೊಡೆಯುತ್ತಿದ್ದ. ಹಟ ಎಂದರು ಎಲ್ಲರೂ. ವರ್ತನಾ ಚಿಕಿತ್ಸೆಯಲ್ಲಿ ನನಗೆ ಬೆಲೆಯುಳ್ಳದ್ದು ಅನ್ನಿಸಿದ ಭಾಗ ಇಲ್ಲಿದೆ. ಹೊಡೆಯುವುದಕ್ಕೆ ಮುಂಚೆ ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು ಎಂದು ಬರೆದಿಡು ಎನ್ನುತ್ತದೆ ಅದು. ಯಾರಾದರೂ ತನ್ನ ಕಡೆ ನೋಡಲಿ ಎಂದೋ, ಏನೋ ಬೇಕೆಂದೋ, ಏನನ್ನೋ ತಪ್ಪಿಸಿಕೊಳ್ಳಲೋ, ಇಲ್ಲವೇ ಆ ಕೆಲಸವೇ ದೇಹಕ್ಕೆ ಹಿತವೆಂದೋ ಮಗು ಹಾಗೆ ಮಾಡುತ್ತದೆ. ನನ್ನ ಹಳೆಯ ಉದ್ದರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ತಂಗಿ ಬರೆಯುತ್ತ ಹೋದಂತೆ ಸದ್ದಿನಿಂದ ಪಾರಾಗುವುದಕ್ಕೇ ಈ ಹೊಡೆತ ಎಂಬುದು ಹೊರಬಿತ್ತು. ಕಾರ್ ಮತ್ತು ಡ್ಯುರಾಂಡ್ ಎಂಬಿಬ್ಬರು 1985ರಲ್ಲೇ ತೋರಿಸಿದ ದಾರಿ ಮುಂದಿನದು: ಹೊಡೆತದಿಂದ ಸಿಗುತ್ತಿದ್ದದ್ದೇ ಸಿಗುವಂಥ ಬೇರೊಂದು ಸಂಜ್ಞೆಯನ್ನು ಕಲಿಸು. ರಟ್ಟಿನ ತುಂಡಿನ ಮೇಲೆ ಅಡ್ಡ ಕೈಯ ಚಿತ್ರ. ಅದನ್ನು ಕೊಟ್ಟರೆ ಸಾಕು, ಆ ಕ್ಷಣವೇ ಅವನನ್ನು ಅಲ್ಲಿಂದ ಕರೆದುಕೊಂಡು ಹೋಗಬೇಕು.

‘ಮೊದ್ಲೇ ಮಾತು ಕೇಳಂಗಿಲ್ಲ, ಮ್ಯಾಲೆ ಬ್ಯಾಡ ಅನ್ನೋದು ಕಲಿಸ್ತೀರೇನು?’ ಎಂದು ಅವನ ಅಜ್ಜಿ ಕೆಂಡವಾದರು. ನಾನು ತಂಗಿಯ ಪಕ್ಷ ವಹಿಸಿದೆ, ಈಗಲೂ ವಹಿಸುತ್ತೇನೆ. ಬಾಲ್ಯದಲ್ಲಿ ಇಂಥ ಚಿಕಿತ್ಸೆ ಪಡೆದು ಬೆಳೆದ ಆಟಿಸಂನವರಲ್ಲಿ ಅನೇಕರು ಇದನ್ನೇ ಬರೆದಿದ್ದಾರೆ: ಹೇಳಿದಂತೆ ಕೇಳುವುದನ್ನೇ ವರ್ಷಗಟ್ಟಲೆ ಕಲಿತವನು ಕೆಟ್ಟವನು ಹೇಳಿದರೂ ಕೇಳುತ್ತಾನೆ. ಮೀಸೆ ಚಿಗುರುವ ವಯಸ್ಸಿನ ಹುಡುಗನಿಗೆ, ಅದಕ್ಕಿಂತಲೂ ಹುಡುಗಿಗೆ, ತನ್ನ ಮೈ ಮುಟ್ಟುವ ಕೈಯನ್ನು ತಳ್ಳಲು ಬರಬೇಕು. ನಾಲ್ಕರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಂಡವರನ್ನೆಲ್ಲ ತಬ್ಬಿದರೆ ಮುದ್ದು, ಹನ್ನೆರಡರಲ್ಲಿ ಹಾಗೆ ಮಾಡಿದರೆ ಜನ ಸೇರುತ್ತಾರೆ. ಅವನು ಖುಷಿಯಾದಾಗ ಕೈ ಬಡಿಯುವುದನ್ನು, ತೂಗಾಡುವುದನ್ನು ನಿಲ್ಲಿಸಿ ಕೊಡುತ್ತೇವೆ ಎಂದವರಿಗೆ ನಾವು ಬೇಡ ಎಂದೆವು. ಅದರಿಂದ ಯಾರಿಗೇನು ನಷ್ಟ?

ದೊಡ್ಡ ಮಕ್ಕಳ ಮನೆಯವರಿಗೆ ಇನ್ನೊಂದು ಎಚ್ಚರ ಹೇಳಲೇಬೇಕು. ‘ಕಡೆಗಣಿಸಿ, ತಾನೇ ನಿಲ್ಲಿಸುತ್ತಾನೆ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಕಡೆಗಣಿಸಿದಾಗ ವರ್ತನೆ ಇಳಿಯುವ ಮುಂಚೆ ಒಮ್ಮೆ ಜೋರಾಗಿ ಏರಬಹುದು ಎಂಬುದೂ ಆ ಶಾಸ್ತ್ರದ್ದೇ ಮಾತು. ಮೂರರ ಮಗು ಏರಿದರೆ ಒಂದು ತಟ್ಟೆ ಒಡೆಯುತ್ತದೆ. ಅಳಿಯನಷ್ಟು ದೊಡ್ಡವನು ಏರಿದರೆ ತಾಯಿಯ ಕೈ ಮುರಿಯಬಹುದು. ತಿಳಿದವರು ಎದುರಿಗಿಲ್ಲದೆ ಅದಕ್ಕೆ ಕೈಹಾಕಬಾರದು, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡಂತೂ ಬೇಡವೇ ಬೇಡ.

ಗಂಟೆಗಳ ವಿಷಯಕ್ಕೆ ಬರುತ್ತೇನೆ. ‘ಅಣ್ಣ, ನಲವತ್ತು ತಾಸು ಇವನ ಮುಂದ ಕುಂತ್ರ ಅಡಿಗಿ ಯಾರು ಮಾಡ್ತಾರ?’ ಎಂದು ತಂಗಿ ಕೇಳಿದ್ದಳು. ಅವಳಿಗೆ ನಾಟಿಯ ಹೊತ್ತಿಗೆ ಹೊಲಕ್ಕೂ ಹೋಗಬೇಕು. ಈಗ ಅವಳು ಕಲಿಸುವುದು ದಿನದಲ್ಲಿ ಹೇಗೂ ಇರುವ ಹೊತ್ತಿನಲ್ಲೇ. ಅಂಗಿಯ ಗುಂಡಿ ಹಾಕುವುದನ್ನು ತುದಿಯಿಂದ ಕಲಿಸುತ್ತಾಳೆ: ಮೇಲಿನವನ್ನೆಲ್ಲ ತಾನು ಹಾಕಿ ಕೊನೆಯದನ್ನು ಅವನಿಗೆ ಬಿಡುತ್ತಾಳೆ. ಅದು ಬಂದ ಮೇಲೆ ಕೊನೆಯ ಎರಡು. ಕೆಲಸ ಪೂರ್ತಿಯಾದ ಸಂತೋಷ ಪ್ರತಿ ಸಲವೂ ಅವನ ಪಾಲಿಗೇ ಬೀಳುತ್ತದೆ. ಸಂಜೆ ನನ್ನ ಅಂಗಡಿಯಲ್ಲಿ ಬೀಜದ ಪ್ಯಾಕೆಟ್‌ಗಳನ್ನು ತಳಿವಾರು ಜೋಡಿಸುತ್ತಾನೆ, ನನಗಿಂತ ಅಚ್ಚುಕಟ್ಟಾಗಿ. ಇದೂ ತೀವ್ರ ಚಿಕಿತ್ಸೆಯೇ ಎಂದು ನಾನು ವಾದಿಸುತ್ತೇನೆ, ಬಿಲ್ಲು ಮಾತ್ರ ಬರುವುದಿಲ್ಲ.

ಆದರೆ ತಾಯಿಯೊಬ್ಬಳ ಹೆಗಲ ಮೇಲೆ ಇದನ್ನು ಹೊರಿಸಿ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಅವಳಿಗೆ ತೋರಿಸಿಕೊಡುವವರು, ತಪ್ಪಿದರೆ ತಿದ್ದುವವರು ಬೇಕು. ರಾರಾವಿಯಿಂದ ಸಿರುಗುಪ್ಪ, ಅಲ್ಲಿಂದ ತೆಕ್ಕಲಕೋಟೆ ದಾಟಿ ಬಳ್ಳಾರಿ. ಸದ್ದು ತಾಳದ ಹುಡುಗನನ್ನು ಎರಡು ಬಸ್ಸಿನಲ್ಲಿ ಕರೆದೊಯ್ದು ಮುಕ್ಕಾಲು ಗಂಟೆಯ ಥೆರಪಿ ಕೊಡಿಸಿದರೆ ವಾಪಸು ಬರುವಷ್ಟರಲ್ಲಿ ಅದೂ ಹೋಗಿರುತ್ತದೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು ಕಟ್ಟಿದ ಕಾಮ್ ಡೀಲ್ ಅಂಥ ಒಳ್ಳೆಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲೇ ಇದೆ, ಅದು ಆರು ವರ್ಷದೊಳಗಿನವರಿಗೆ. ಆರು ದಾಟಿದವರಿಗೆ ಹಾಗೆ ರೂಪಿಸಿದ್ದು ತಾಲ್ಲೂಕುಗಳಲ್ಲಿ ಎಲ್ಲಿದೆ?

ಕೆಲಸ ಮಾಡುವ ಕೈಗಳು ಇಲ್ಲದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿಯೇ ನೇಮಿಸಿದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ (ವಿಆರ್‌ಡಬ್ಲ್ಯು), ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಶಾಲೆಗೆ ಬರಲಾಗದವರೂ ಸೇರಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರಿದ್ದಾರೆ. ನಾನು ಕಂಡಂತೆ ಅವರ ದಿನವೆಲ್ಲ ಯುಡಿಐಡಿ ಕಾರ್ಡು, ಪಿಂಚಣಿ ಅರ್ಜಿ, ವರದಿಗಳಲ್ಲಿ ಕಳೆಯುತ್ತದೆ. ಇಂಥವರು ಮನೆಗೆ ಹೋಗಿ ಕಲಿಸಬಲ್ಲರೇ ಎಂಬುದಕ್ಕೆ ಒಂದು ಉದಾಹರಣೆಯಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ, ಎರಡರಿಂದ ಒಂಬತ್ತು ವರ್ಷದ 65 ಮಕ್ಕಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2016ರ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂತು. ಅಲ್ಲಿ ಮನೆಗೆ ಹೋಗಿ ತಂದೆತಾಯಿಗೆ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಕ್ಕಳು ತಾವಾಗಿ ಮಾತು-ಸನ್ನೆ ಶುರುಮಾಡುವುದು ಹೆಚ್ಚಾಯಿತು. ಅದು ವರ್ತನಾ ಚಿಕಿತ್ಸೆಯಲ್ಲ, ಬೇರೆ ಬಗೆಯದು. ಆದರೆ ಪದವಿಯಿಲ್ಲದವರೂ ಕಲಿತು ಕಲಿಸಬಲ್ಲರು ಎಂಬುದನ್ನು ಅದು ತೋರಿಸಿತು. ನಮ್ಮ ವಿಆರ್‌ಡಬ್ಲ್ಯುಗಳಿಗೆ ಕನ್ನಡದಲ್ಲಿ, ಈ ಗಡಿಯಲ್ಲಾದರೆ ತೆಲುಗಿನಲ್ಲೂ, ಅಂಥ ತರಬೇತಿ ಯಾಕೆ ಆಗಬಾರದು? ಸಂವಿಧಾನದ 371(ಜೆ) ಅಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಸಮುದಾಯ ಭವನಗಳು ಎದ್ದಿವೆ. ತಾಲ್ಲೂಕಿಗೊಬ್ಬ ಮೇಲ್ವಿಚಾರಕ ಥೆರಪಿಸ್ಟ್‌ಗೆ ಅದಕ್ಕಿಂತ ಕಡಿಮೆ ದುಡ್ಡು ಸಾಕು.

ಮಕ್ಕಳ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆ ಹುಟ್ಟಿನಿಂದ 18ರವರೆಗೆ. ಅದರ ಜಿಲ್ಲಾ ಕೇಂದ್ರದ ಹೆಸರಿನಲ್ಲಿ ‘ಶೀಘ್ರ’ ಎಂದಿದೆ ಎಂಬ ಕಾರಣಕ್ಕೆ ಹನ್ನೆರಡರವನನ್ನು ಸಾಲಿನ ಕೊನೆಗೆ ನಿಲ್ಲಿಸಬಾರದು. 2016ರ ಕಾಯ್ದೆಯ 31ನೇ ಕಲಮು ಕೊಡುವ ಉಚಿತ ಶಿಕ್ಷಣದ ಹಕ್ಕೂ 6ರಿಂದ 18ರವರೆಗೆ. ಅಳಿಯನಿಗೆ 18 ತುಂಬಿದ ಮೇಲೆ ತಂಗಿ ಅವನ ಪೋಷಕತ್ವಕ್ಕಾಗಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಮಿತಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಅಲ್ಲಿಗೆ ಇನ್ನು ಆರು ವರ್ಷವಿದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮೊದಲು ಸಿರುಗುಪ್ಪದ ಬಿಆರ್‌ಸಿಗೆ ಆರು ದಾಟಿದ ಆಟಿಸಂ ಮಕ್ಕಳ ಪಟ್ಟಿಯೊಂದು ಬರಲಿ, ಪಟ್ಟಿಯ ಪ್ರತಿ ಹೆಸರಿನ ಮುಂದೆ ವಾರಕ್ಕೆ ಎಷ್ಟು ಹೊತ್ತು ಯಾರು ಮನೆಗೆ ಹೋಗುತ್ತಾರೆ ಎಂದು ಬರೆದಿರಲಿ. ನಲವತ್ತು ಗಂಟೆ ಯಾರೂ ಕೇಳುತ್ತಿಲ್ಲ. ನಾಲ್ಕು ಗಂಟೆಯಿಂದ ಶುರುಮಾಡಿ.