ಹೋಂ ಲೋನ್ ಬಿಟ್ಟು ಸೈಟ್‌ಗೆ ಬಂದರೆ ಸಾಕೇ?

ಹೋಂ ಲೋನ್ ಕಂಪನಿಯ ಕೆಲಸ ಬಿಟ್ಟು ಸೈಟ್, ಮನೆಗಳ ಮೇಲೆ ಹಣ ಹಾಕಲು ಹೊರಟವರು ನಮ್ಮ ಮೊಹಲ್ಲಾದಲ್ಲೂ ಇದ್ದಾರೆ. ಕಾರಣ ಕೇಳಿದರೆ ಎರಡು ಹೇಳುತ್ತಾರೆ: ಸಂಬಳಕ್ಕಿಂತ ಲಾಭ ಹೆಚ್ಚು, ಬಡ್ಡಿಯಿಂದ ದೂರ. ಮೊದಲನೆಯದು ಇರಬಹುದು. ಎರಡನೆಯದನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಲೆಕ್ಕ ನೋಡೋಣ. 50 ಲಕ್ಷದ ಮನೆಗೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಶೇ 80ರವರೆಗೆ ಸಾಲ ಸಿಗುತ್ತದೆ. ಕೈಯಿಂದ 10 ಲಕ್ಷ, ಸಾಲ 40 ಲಕ್ಷ. ಬೆಲೆ ಶೇ 10 ಏರಿದರೆ 10 ಲಕ್ಷಕ್ಕೆ 5 ಲಕ್ಷ ಬಂತು ಎಂದು ಎಲ್ಲರೂ ಹೇಳುತ್ತಾರೆ. ಶೇ 10 ಇಳಿದರೆ ಅದೇ 5 ಲಕ್ಷ ಹೋಗುತ್ತದೆ, ಬಡ್ಡಿ ಬೇರೆ. ನಿನ್ನೆಯವರೆಗೆ ಬೇರೆಯವರಿಗೆ ಸಾಲ ಮಾಡಿಸಿಕೊಟ್ಟವರು ಇಂದು ತಾವೇ ಅರ್ಜಿ ತುಂಬುತ್ತಾರೆ. ಬಡ್ಡಿ ಪಡೆಯುವವನ ಜೊತೆ ಕೊಡುವವನನ್ನೂ ಬರೆಯುವವನನ್ನೂ ಹದೀಸ್ ಸೇರಿಸಿದೆಯಲ್ಲ! ಹಾಗಿದ್ದರೆ ದೂರವಾದದ್ದು ಯಾವುದು?

ಆದರೆ ಇವರ ಹತ್ತಿರ ನಮಗೆ ಬೇಕಾದ ಒಂದು ವಿದ್ಯೆ ಇದೆ. ಮೂಲಪತ್ರ, ಇ.ಸಿ., ಖಾತಾ, ಭೂಪರಿವರ್ತನೆ ಆದೇಶ, ಇವನ್ನೆಲ್ಲ ಓದಲು ಇವರಿಗೆ ಗೊತ್ತು. ಯಾವ ಲೇಔಟ್‌ಗೆ ಸಾಲ ಕೊಡಲು ಆಫೀಸಿನ ವಕೀಲರು ಒಪ್ಪಲಿಲ್ಲ ಎಂಬುದೂ ಗೊತ್ತು. ನಮ್ಮವರಲ್ಲಿ ಅನೇಕರು ಬಡ್ಡಿ ಬೇಡವೆಂದು ಗಲ್ಫ್ ಹಣ, ಚೀಟಿ ಹಣ, ಅಮ್ಮಿಯ ಒಡವೆ ಎಲ್ಲ ಸೇರಿಸಿ ನಗದಿನಲ್ಲೇ ಸೈಟ್ ತೆಗೆದುಕೊಳ್ಳುತ್ತಾರೆ. ಸಾಲ ಇಲ್ಲದ ಮೇಲೆ ಬ್ಯಾಂಕಿನ ವಕೀಲರೂ ಇಲ್ಲ, ಪತ್ರ ನೋಡುವವರೇ ಇಲ್ಲ. ರೆವಿನ್ಯೂ ಸೈಟ್‌ಗಳು, ಜಿಪಿಎ ಮೇಲಿನ ಸೈಟ್‌ಗಳು ಸುಲಭವಾಗಿ ಮಾರಾಟವಾಗುವುದು ಇಂಥವರಿಗೇ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಎಷ್ಟು ಮನೆಗಳಿಗೆ ಈ ಸುದ್ದಿ ಮುಟ್ಟಿದೆ?

ತನ್ನ ಹಳೆಯ ಆಫೀಸು ತಿರಸ್ಕರಿಸಿದ ಸೈಟನ್ನು ಕಡಿಮೆಗೆ ಹಿಡಿದು, ಇಂಥವರಿಗೆ ಮಾರುವುದು ನನ್ನ ದೃಷ್ಟಿಯಲ್ಲಿ ಲೋನ್ ಮಾಡಿಸುವುದಕ್ಕಿಂತ ಕೆಟ್ಟದ್ದು. ಮದೀನಾದ ಪೇಟೆಯಲ್ಲಿ ಪ್ರವಾದಿಯವರು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಇದ್ದದ್ದು ನಮಗೆಲ್ಲ ಗೊತ್ತಿರುವ ವಿಷಯ. ಸೈಟ್‌ನ ಒದ್ದೆ ಇರುವುದು ಪತ್ರದಲ್ಲಿ.

ನಮ್ಮ ಕಾಮರ್ಸ್ ವಿಭಾಗದ ಸರ್, ಮೇಡಂಗಳಲ್ಲಿ ಒಂದು ಕೋರಿಕೆ. ಇಂಥ ಅನುಭವ ಇರುವ ಪೋಷಕರೊಬ್ಬರನ್ನು ಕಾಲೇಜಿಗೆ ಕರೆಸಿ. ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. ತೆಗೆಯುವುದು, ಲೇಔಟ್‌ನ ರೇರಾ ನಂಬರ್ ಸರಿಯೇ ಎಂದು ನೋಡುವುದು, ಇಷ್ಟನ್ನು ಅವರು ತೋರಿಸಿಕೊಟ್ಟರೆ ಒಂದು ಶನಿವಾರ ಮಧ್ಯಾಹ್ನ ಸಾಕು. ನಮ್ಮ ಅಬ್ಬಾ, ಅಮ್ಮಿಯರೂ ಬರಲಿ.